ಬ್ಯಾಂಕ್ ಸಾಲ ಆಗದಿದ್ದರೆ ಬಯಾನಾ ವಾಪಸ್ ಬರುತ್ತಾ? ಮನೆ ಕೊಳ್ಳುವ ಕರಾರನ್ನು ಹೀಗೆ ಬರೆಸಿ

"ಮನೆ ಒಪ್ಪಿಗೆಯಾಯಿತು, ಬಯಾನಾ ಕೊಟ್ಟೆವು, ಬಾಂಡಿನ ಮೇಲೆ ಸಹಿಯೂ ಆಯಿತು. ಈಗ ಬ್ಯಾಂಕಿನವರು ಸಾಲ ಆಗಲ್ಲ ಅಂತಾರೆ. ಮನೆ ಮಾರುವವರು ದುಡ್ಡು ವಾಪಸ್ ಕೊಡಲ್ಲ ಅಂತಾರೆ. ಏನು ಮಾಡಬೇಕು?"

ಬಳ್ಳಾರಿಯಿಂದ, ಸಿರುಗುಪ್ಪದಿಂದ, ಗಂಗಾವತಿಯಿಂದ, ರಾಯಚೂರಿನಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಕೇಳುವವರಲ್ಲಿ ಶಿಕ್ಷಕರಿದ್ದಾರೆ, ತೋರಣಗಲ್ಲಿನ ಕಾರ್ಖಾನೆಗೆ ಹೋಗುವವರಿದ್ದಾರೆ, ಜೀನ್ಸ್ ಹೊಲಿಗೆ ಘಟಕ ಇಟ್ಟುಕೊಂಡವರಿದ್ದಾರೆ. ಹತ್ತು ವರ್ಷ ಕೂಡಿಟ್ಟ ಹಣ ಒಂದು ಸಹಿಯಲ್ಲಿ ಸಿಕ್ಕಿಬಿದ್ದಿರುತ್ತದೆ. ಅವರ ಕರಾರು ಪತ್ರ ತರಿಸಿ ನೋಡಿದರೆ ಸಾಲದ ವಿಷಯ ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲ ಸಿಗದಿದ್ದರೆ ಕರಾರು ರದ್ದಾಗಿ ಹಣ ವಾಪಸ್ ಬರಬೇಕು ಎಂದು ಪತ್ರದಲ್ಲಿ ಬರೆದಿದ್ದರೆ ಬರುತ್ತದೆ. ಬರೆದಿಲ್ಲದಿದ್ದರೆ, ದುಡ್ಡು ಹೊಂದಿಸುವುದು ನಿಮ್ಮ ಜವಾಬ್ದಾರಿ ಎಂದೇ ಕಾನೂನು ನೋಡುತ್ತದೆ. ಬ್ಯಾಂಕು ಕೈಕೊಟ್ಟಿದ್ದು ಮಾರುವವರ ತಪ್ಪಲ್ಲ, ಅಲ್ವಾ? ಆದ್ದರಿಂದ ಸಹಿ ಹಾಕುವ ಮೊದಲೇ ಆ ಮಾತು ಕಾಗದದ ಮೇಲೆ ಬರಬೇಕು. ಅದನ್ನು ಬರೆಸುವುದು ಹೇಗೆ ಎಂದು ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲು ಕೆಲವು ಪದಗಳು. ಬಯಾನಾ, ಸಂಚಕಾರ ಎಂದರೆ "ವ್ಯವಹಾರ ಖಂಡಿತ ಮಾಡುತ್ತೇನೆ" ಎಂಬ ಖಾತರಿಗೆ ಕೊಡುವ ಹಣ. ಮುಂಗಡ ಎಂದರೆ ಬೆಲೆಯ ಒಂದು ಭಾಗವನ್ನು ಮೊದಲೇ ಕೊಡುವುದು. ಮಾತಿನಲ್ಲಿ ನಾವು ಎರಡಕ್ಕೂ ಅಡ್ವಾನ್ಸ್ ಅಂತೀವಿ. ಕೋರ್ಟಿನಲ್ಲಿ ಎರಡೂ ಒಂದೇ ಅಲ್ಲ. ಕರಾರು ಪತ್ರ ಅಥವಾ ಅಗ್ರಿಮೆಂಟ್ ಎಂದರೆ "ಮುಂದೆ ಮಾರುತ್ತೇನೆ, ಕೊಳ್ಳುತ್ತೇನೆ" ಎಂಬ ಒಪ್ಪಂದ. ಅದರಿಂದ ಮನೆ ನಿಮ್ಮದಾಗುವುದಿಲ್ಲ. ಮನೆ ನಿಮ್ಮದಾಗುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ನೋಂದಣಿ ಆದಾಗ. ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿಯ ಮೇಲೆ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂಬ ಪಟ್ಟಿ ಅದು.

1. ಬಯಾನಾ ಕೊಡುವ ಮೊದಲು ಎಷ್ಟು ಸಾಲ ಸಿಗುತ್ತದೆ ಎಂದು ತಿಳಿದುಕೊಳ್ಳಿ

ಬ್ಯಾಂಕು ಎರಡು ವಿಷಯ ನೋಡುತ್ತದೆ. ಒಂದು ನೀವು, ಇನ್ನೊಂದು ಆಸ್ತಿ. ನಿಮ್ಮ ಸಂಬಳ, ಆದಾಯ ತೆರಿಗೆ ರಿಟರ್ನ್, ಸಿಬಿಲ್ ಅಂಕ (ಹಳೇ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂದು ತೋರಿಸುವ ಅಂಕ) ನೋಡಿ "ಇಷ್ಟರವರೆಗೆ ಕೊಡಬಹುದು" ಎಂದು ಮೊದಲೇ ಒಂದು ಪತ್ರ ಕೊಡುತ್ತಾರೆ. ಇದು ತಾತ್ವಿಕ ಒಪ್ಪಿಗೆ ಮಾತ್ರ. ಇದನ್ನೇ ಮಂಜೂರಾತಿ ಎಂದುಕೊಂಡು ಬಯಾನಾ ಕೊಟ್ಟವರನ್ನು ನಾನು ಬಹಳ ಜನ ನೋಡಿದ್ದೇನೆ. ಆಸ್ತಿಯ ಕಾಗದಗಳನ್ನು ಬ್ಯಾಂಕಿನ ವಕೀಲರು ಓದಿ, ಮೌಲ್ಯಮಾಪಕರು ಮನೆಗೆ ಬಂದು ಅಳೆದು ವರದಿ ಕೊಟ್ಟ ಮೇಲೆ ಬರುವುದೇ ಅಂತಿಮ ಮಂಜೂರಾತಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲಕ್ಕೆ ಒಂದು ಮಿತಿ ಇದೆ. 30 ಲಕ್ಷದವರೆಗಿನ ಸಾಲವಾದರೆ ಆಸ್ತಿ ಮೌಲ್ಯದ ಶೇ. 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಇದು ಗರಿಷ್ಠ ಮಿತಿ. ಬ್ಯಾಂಕು ಇದಕ್ಕಿಂತ ಕಡಿಮೆಯೂ ಕೊಡಬಹುದು.

ಇಲ್ಲಿ ಒಂದು ಲೆಕ್ಕ ಎಲ್ಲರಿಗೂ ತಪ್ಪುತ್ತದೆ. ನೀವು 40 ಲಕ್ಷಕ್ಕೆ ಮನೆ ಮಾತಾಡಿದ್ದೀರಿ. ಶೇ. 80 ಎಂದರೆ 32 ಲಕ್ಷ ಸಿಗುತ್ತದೆ ಎಂದುಕೊಂಡಿದ್ದೀರಿ. ಮೌಲ್ಯಮಾಪಕರು ಮನೆಯ ಬೆಲೆ 35 ಲಕ್ಷ ಎಂದು ಬರೆದರು. ಬ್ಯಾಂಕು ಕರಾರಿನ ಬೆಲೆ, ಮೌಲ್ಯಮಾಪಕರ ಬೆಲೆ, ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯುತ್ತದೆ. ಬ್ಯಾಂಕು ಶೇ. 80ನ್ನೇ ಹಿಡಿದರೆ 35 ಲಕ್ಷಕ್ಕೆ ಸಿಗುವುದು 28 ಲಕ್ಷ. ನಾಲ್ಕು ಲಕ್ಷ ಎಲ್ಲಿಂದ ತರುತ್ತೀರಿ? ಇದರ ಮೇಲೆ ಮುದ್ರಾಂಕ ಮತ್ತು ನೋಂದಣಿ ಖರ್ಚು ಬೇರೆ. ಊರೊಳಗಿನ ಆಸ್ತಿಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6. ನಲವತ್ತು ಲಕ್ಷಕ್ಕೆ 3,04,000 ರೂಪಾಯಿ. ಈ ಖರ್ಚನ್ನು ಸಾಮಾನ್ಯವಾಗಿ ಆಸ್ತಿ ಮೌಲ್ಯಕ್ಕೆ ಸೇರಿಸಿ ಸಾಲ ಕೊಡುವಂತಿಲ್ಲ. ಅದು ನಿಮ್ಮ ಕೈಯಿಂದಲೇ ಹೋಗಬೇಕು.

ವ್ಯಾಪಾರ ಮಾಡುವವರಿಗೆ ಇನ್ನೊಂದು ಮಾತು. ಅಂಗಡಿಯಲ್ಲಿ ದುಡಿಮೆ ಚೆನ್ನಾಗಿದ್ದರೂ ರಿಟರ್ನ್‌ನಲ್ಲಿ ಕಡಿಮೆ ಆದಾಯ ತೋರಿಸಿದ್ದರೆ ಬ್ಯಾಂಕು ನೋಡುವುದು ರಿಟರ್ನನ್ನೇ. ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತೆಗೆಸಿ ನೋಡಿ. ಯಾವತ್ತೋ ತೆಗೆದುಕೊಂಡ ಬೈಕ್ ಸಾಲದ ಒಂದು ಕಂತು ಅಲ್ಲಿ ಬಾಕಿ ಎಂದೇ ಕೂತಿರಬಹುದು.

2. ಬ್ಯಾಂಕಿನ ವಕೀಲರು ಕೇಳುವ ಕಾಗದಗಳನ್ನು ನೀವೇ ಮೊದಲು ಕೇಳಿ

ಸಂಬಳ ಸರಿಯಿದ್ದೂ ಸಾಲ ನಿಂತುಹೋಗುವುದು ಬಹುಪಾಲು ಕಾಗದದ ತಕರಾರಿಗೆ. ಮಾರುವವರಿಂದ ಈ ಕಾಗದಗಳ ನಕಲು ತೆಗೆದುಕೊಳ್ಳಿ: ಮೂಲಪತ್ರಗಳು, 30 ವರ್ಷದ ಇ.ಸಿ., ಇ-ಖಾತಾ, ತೆರಿಗೆ ಕಟ್ಟಿದ ರಶೀದಿ, ಜಮೀನು ಎನ್.ಎ. ಆದ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಮನೆ ಕಟ್ಟಲು ಪಡೆದ ಪರವಾನಗಿ. ಎನ್.ಎ. ಎಂದರೆ ಕೃಷಿ ಜಮೀನನ್ನು ವಾಸಕ್ಕೆ ಬಳಸಲು ಜಿಲ್ಲಾಧಿಕಾರಿ ಕೊಟ್ಟ ಭೂಪರಿವರ್ತನೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಬಡಾವಣೆಗೆ ಆಯಾ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯಾ ಎಂದು ಪ್ರಾಧಿಕಾರದ ಕಚೇರಿಯಲ್ಲೇ ವಿಚಾರಿಸಿ. ಬ್ರೋಕರ್ ತೋರಿಸುವ ಬಣ್ಣದ ನಕ್ಷೆ ನಂಬಬೇಡಿ.

ಖಾತಾ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ನಗರದಲ್ಲಿ ಇ-ಆಸ್ತಿ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು. ಅನುಮೋದನೆ ಇಲ್ಲದ ಬಡಾವಣೆಯ ಆಸ್ತಿಗೆ ಬಿ-ಖಾತಾ ಕೊಟ್ಟಿರುತ್ತಾರೆ. ಬಿ-ಖಾತಾ ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ. "ಖಾತಾ ಇದೆ" ಎಂದಾಗ "ಯಾವ ಖಾತಾ" ಎಂದು ಕೇಳಿ.

ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ಕೇಳಿ. 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. "ನಮ್ಮ ಅಕ್ಕ ಸಹಿ ಹಾಕ್ತಾಳೆ ಬಿಡಿ" ಎಂಬ ಮಾತು ಸಾಲದು. ಕರಾರಿಗೇ ಅವರ ಸಹಿ ಬೇಕು. ಜಮೀನು ಮೂಲತಃ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವುದನ್ನು ತಡೆಯುವ, ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕಾಯ್ದೆ ಬರುತ್ತದೆ. ವಕೀಲರನ್ನು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಕಡೆಗೇ ಸೇರಿದ ಇನ್ನೊಂದು ತೊಡಕಿದೆ. ರಾಯಚೂರು, ಕೊಪ್ಪಳ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಸೇರಿದ್ದವು. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಹಳೇ ಪೇಟೆಯ ಮನೆಗಳ ಹಿಂದಿನ ಪತ್ರಗಳು ಅಲ್ಲಿ ಉರ್ದುವಿನಲ್ಲಿ, ಇಲ್ಲಿ ತೆಲುಗಿನಲ್ಲಿ ಸಿಗುವುದುಂಟು. ಅವುಗಳ ಅನುವಾದ ಮಾಡಿಸಲು ದಿನ ಹಿಡಿಯುತ್ತದೆ. ಕರಾರಿನಲ್ಲಿ ಅವಧಿ ಬರೆಸುವಾಗ ಇದು ನೆನಪಿರಲಿ.

3. ಬಯಾನಾ: ಎಷ್ಟು, ಹೇಗೆ, ಯಾವ ಹೆಸರಲ್ಲಿ

ಎಷ್ಟು ಕಡಿಮೆ ಕೊಟ್ಟರೆ ಅಷ್ಟು ಒಳ್ಳೆಯದು. ಸಾಲ ಇನ್ನೂ ಖಚಿತವಾಗದೆ ಬೆಲೆಯ ಕಾಲು ಭಾಗ ಕೊಡುವುದು ಬೇಡವೇ ಬೇಡ.

ನಗದು ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವಾಪಸ್ ಕೊಡುವಾಗಲೂ ಬ್ಯಾಂಕಿನ ಮೂಲಕವೇ ಕೊಡಬೇಕು. ಇದನ್ನು ಮಾರುವವರಿಗೆ ಸಮಾಧಾನವಾಗಿ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಪ್ರತಿ ಪಾವತಿಯಲ್ಲೂ ಶೇ. 1 ತೆರಿಗೆ ಹಿಡಿದು ಕಟ್ಟುವ ಹೊಣೆ ನಿಮ್ಮದು.

ಕರಾರಿನಲ್ಲಿ ನಿಜವಾದ ಬೆಲೆಯನ್ನೇ ಬರೆಸಿ. 40 ಲಕ್ಷದ ಮನೆಗೆ ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರ ನೋಡಿಕೊಂಡು 25 ಲಕ್ಷ ಎಂದು ಬರೆಸಿ ಉಳಿದದ್ದು ಕೈಮೇಲೆ ಎನ್ನುವ ರೂಢಿ ನಮ್ಮಲ್ಲಿದೆ. ಇದರಲ್ಲಿ ಕಾನೂನಿನ ತಪ್ಪೂ ಇದೆ, ನಿಮಗೆ ನೇರ ನಷ್ಟವೂ ಇದೆ. ಬ್ಯಾಂಕು 25 ಲಕ್ಷದ ಮೇಲೆಯೇ ಸಾಲ ಲೆಕ್ಕ ಹಾಕುತ್ತದೆ. ವ್ಯವಹಾರ ಮುರಿದರೆ ಕೈಮೇಲೆ ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಇನ್ನು ಹೆಸರು. ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಹೇಳಿದ್ದು ಇದು: ಖಾತರಿಗಾಗಿ ಕೊಟ್ಟ ಸಂಚಕಾರವನ್ನು, ಕೊಳ್ಳುವವರ ತಪ್ಪಿನಿಂದ ವ್ಯವಹಾರ ಮುರಿದಾಗ, ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾರುವವರು ಇಟ್ಟುಕೊಳ್ಳಬಹುದು. ಬೆಲೆಯ ಭಾಗವಾಗಿ ಮಾತ್ರ ಕೊಟ್ಟ ಮುಂಗಡವನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ. ಆದರೆ ಬರೀ ಪದ ಬದಲಿಸಿದರೆ ಪಾರಾದೆವು ಎಂದುಕೊಳ್ಳಬೇಡಿ. ಕೋರ್ಟು ಇಡೀ ಪತ್ರದ ಧಾಟಿ ನೋಡುತ್ತದೆ. "ಅವಧಿಯೊಳಗೆ ಬಾಕಿ ಕೊಡದಿದ್ದರೆ ಕೊಟ್ಟ ಹಣ ಮುಟ್ಟುಗೋಲು" ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೆ ಅದು ನಿಮ್ಮ ವಿರುದ್ಧ ನಿಲ್ಲುತ್ತದೆ. ಪತ್ರ ಬರೆಯುವವರ ಕಂಪ್ಯೂಟರಿನಲ್ಲಿ ಈ ಸಾಲು ಮೊದಲೇ ಇರುತ್ತದೆ. ಹುಡುಕಿ ನೋಡಿ.

4. ಸಾಲದ ಷರತ್ತು ಬರೆಸಿ

ಈ ಲೇಖನ ಬರೆಯುತ್ತಿರುವುದೇ ಇದಕ್ಕಾಗಿ. ಅಂತಿಮ ಮಂಜೂರಾತಿಗೆ ಮೊದಲು ಬ್ಯಾಂಕು ಕರಾರು ಪತ್ರ ಕೇಳುತ್ತದೆ. ಕರಾರು ಆಗಬೇಕಾದರೆ ಬಯಾನಾ ಕೊಡಬೇಕು. ಅಂದರೆ ಸಾಲ ಸಿಗುತ್ತೋ ಇಲ್ಲವೋ ತಿಳಿಯುವ ಮೊದಲೇ ನಿಮ್ಮ ಹಣ ಇನ್ನೊಬ್ಬರ ಕೈಗೆ ಹೋಗಿರುತ್ತದೆ. ಈ ನಡುವಿನ ದಿನಗಳಿಗೆ ಆಸರೆ ಈ ಒಂದು ಷರತ್ತೇ.

1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಇದಕ್ಕೆ ಜಾಗವಿದೆ. ಒಂದು ಘಟನೆ ಗೊತ್ತುಪಡಿಸಿದ ಅವಧಿಯೊಳಗೆ ನಡೆದರೆ ಮಾತ್ರ ಕರಾರು ಎಂದು ಬರೆದಿದ್ದರೆ, ಅವಧಿ ಮುಗಿದರೂ ಅದು ನಡೆಯದಿದ್ದಾಗ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ 35ನೇ ಕಲಂ. ಹಾಗೆ ಬಿದ್ದುಹೋದ ಕರಾರಿನಿಂದ ಪಡೆದದ್ದನ್ನು ವಾಪಸ್ ಕೊಡಬೇಕು ಎನ್ನುತ್ತದೆ 65ನೇ ಕಲಂ. ಆದರೂ ಎಲ್ಲವನ್ನೂ ಬಿಡಿಸಿ ಬರೆಸುವುದೇ ಕ್ಷೇಮ. ಈ ಮಾದರಿ ನೋಡಿ (ಷೆಡ್ಯೂಲು ಸ್ವತ್ತು ಎಂದರೆ ಕರಾರಿನಲ್ಲಿ ವಿವರ ಬರೆದಿರುವ ಆ ಮನೆ):

*"ಕೊಳ್ಳುವವರು ಷೆಡ್ಯೂಲು ಸ್ವತ್ತಿನ ಖರೀದಿಗಾಗಿ ಯಾವುದೇ ಬ್ಯಾಂಕ್ ಅಥವಾ ಗೃಹಸಾಲ ಸಂಸ್ಥೆಯಿಂದ ರೂ. 30,00,000ಕ್ಕೆ ಕಡಿಮೆ ಇಲ್ಲದ ಸಾಲದ ಅಂತಿಮ ಮಂಜೂರಾತಿಯನ್ನು ದಿನಾಂಕ ........ ರ ಸಂಜೆ 5 ಗಂಟೆಯೊಳಗೆ ಪಡೆಯುವುದು ಈ ಕರಾರಿನ ಷರತ್ತಾಗಿರುತ್ತದೆ. ಕೊಳ್ಳುವವರು ಈ ದಿನದಿಂದ 10 ದಿನಗಳೊಳಗೆ ಸಾಲದ ಅರ್ಜಿ ಸಲ್ಲಿಸತಕ್ಕದ್ದು. ಮಾರುವವರು ಬ್ಯಾಂಕು ಕೇಳುವ ಕಾಗದಪತ್ರಗಳನ್ನು ಕೇಳಿದ 7 ದಿನಗಳೊಳಗೆ ಒದಗಿಸತಕ್ಕದ್ದು. ತಡವಾದಷ್ಟು ದಿನ ಮೇಲಿನ ಅವಧಿಯೂ ಮುಂದಕ್ಕೆ ಹೋಗತಕ್ಕದ್ದು. ಸದರಿ ದಿನಾಂಕದೊಳಗೆ ಮಂಜೂರಾತಿ ದೊರೆಯದಿದ್ದಲ್ಲಿ ಅಥವಾ ಕಡಿಮೆ ಮೊತ್ತ ಮಂಜೂರಾದಲ್ಲಿ ಕೊಳ್ಳುವವರು ಲಿಖಿತ ತಿಳುವಳಿಕೆ ಕೊಟ್ಟು ಈ ಕರಾರನ್ನು ರದ್ದುಪಡಿಸಬಹುದು. ಹಾಗೆ ರದ್ದಾದಲ್ಲಿ ಮಾರುವವರು ಪಡೆದ ಪೂರ್ತಿ ಹಣವನ್ನು, ಯಾವ ಕಡಿತವೂ ಇಲ್ಲದೆ, ತಿಳುವಳಿಕೆ ತಲುಪಿದ 30 ದಿನಗಳೊಳಗೆ ಬ್ಯಾಂಕ್ ಮೂಲಕ ಹಿಂದಿರುಗಿಸತಕ್ಕದ್ದು. ಇದನ್ನು ಕೊಳ್ಳುವವರ ತಪ್ಪೆಂದು ಭಾವಿಸತಕ್ಕದ್ದಲ್ಲ."*

ಇದರ ಒಂದೊಂದು ಮಾತಿಗೂ ಕಾರಣವಿದೆ. ಮೊತ್ತ ಏಕೆ? ಮೇಲಿನ ಲೆಕ್ಕದಲ್ಲಿ ಬ್ಯಾಂಕು 28 ಲಕ್ಷ ಕೊಟ್ಟಿತು. ಬರೀ "ಸಾಲ ಸಿಗದಿದ್ದರೆ" ಎಂದು ಬರೆದಿದ್ದರೆ ಮಾರುವವರು "ಸಿಕ್ಕಿದೆಯಲ್ಲ" ಎನ್ನುತ್ತಾರೆ. 30 ಲಕ್ಷ ಎಂದು ಬರೆದಿದ್ದರೆ ಆ ಮಾತಿಗೆ ಎಡೆಯೇ ಇಲ್ಲ.

"ಯಾವುದೇ ಬ್ಯಾಂಕ್" ಎನ್ನುವುದು ಮಾರುವವರಿಗೂ ನ್ಯಾಯ. ಒಂದು ಶಾಖೆ ಒಲ್ಲೆ ಎಂದ ಮಾತ್ರಕ್ಕೆ ಬಿಟ್ಟು ಓಡಬಾರದು. ಕಡೇ ಪಕ್ಷ ಎರಡು ಕಡೆ ಅರ್ಜಿ ಹಾಕಿ.

"ಅಂತಿಮ ಮಂಜೂರಾತಿ" ಎಂಬ ಪದ ಬಿಡಬೇಡಿ. ಬಿಟ್ಟರೆ ತಾತ್ವಿಕ ಒಪ್ಪಿಗೆ ಪತ್ರವನ್ನೇ ನಿಮ್ಮ ಎದುರು ಹಿಡಿಯುತ್ತಾರೆ.

ದಿನಾಂಕವನ್ನು ತಾರೀಖಾಗಿಯೇ ಬರೆಸಿ. "ಎರಡು ತಿಂಗಳಲ್ಲಿ" ಎಂದರೆ ಯಾವ ದಿನದಿಂದ ಎಂಬ ಜಗಳ ಶುರುವಾಗುತ್ತದೆ. ಹೊಸ ಬಡಾವಣೆಯ ಮನೆಗೆ 45 ದಿನ ಸಾಕಾಗಬಹುದು. ಹಳೇ ಪೇಟೆಯ ಮನೆ, ಪಾಲುದಾರರು ಜಾಸ್ತಿ ಇದ್ದರೆ 75 ದಿನ ಕೇಳಿ. ಕ್ರಯಪತ್ರ ನೋಂದಣಿಯ ಕೊನೆಯ ದಿನ ಬೇರೆಯೇ ಇರಲಿ, ಸಾಲದ ದಿನಾಂಕಕ್ಕಿಂತ ಕಡೇ ಪಕ್ಷ 30 ದಿನ ಮುಂದೆ.

ಮಾರುವವರು ಇದಕ್ಕೆ ಸುಲಭವಾಗಿ ಒಪ್ಪಲಿಕ್ಕಿಲ್ಲ. "ಎರಡು ತಿಂಗಳು ಮನೆ ಕಟ್ಟಿಹಾಕಿ ಆಮೇಲೆ ಬೇಡ ಅಂದರೆ ನನ್ನ ಗತಿ?" ಎನ್ನುತ್ತಾರೆ. ಅವರ ಮಾತೂ ನ್ಯಾಯವೇ. ಹಾಗಾಗಿ ನೀವು ಅರ್ಜಿ ಹಾಕದೆ ಸುಮ್ನೆ ಕೂತರೆ ಈ ರಕ್ಷಣೆ ಸಿಗುವುದಿಲ್ಲ ಎಂದು ಬರೆಯಲು ಒಪ್ಪಿ. ಬೇಕಾದರೆ ಅವರ ಓಡಾಟದ ಖರ್ಚಿಗೆಂದು ಒಂದು ಸಣ್ಣ ಮೊತ್ತ, ಉದಾಹರಣೆಗೆ 10,000 ರೂಪಾಯಿ, ಕಡಿತಕ್ಕೆ ಒಪ್ಪಿ. ನಾಲ್ಕೈದು ಲಕ್ಷ ಉಳಿಸಿಕೊಳ್ಳಲು ಅದು ದೊಡ್ಡದಲ್ಲ. ಹಾಗೆ ಒಪ್ಪಿದರೆ ಮಾದರಿಯಲ್ಲಿರುವ "ಯಾವ ಕಡಿತವೂ ಇಲ್ಲದೆ" ಎಂಬ ಮಾತನ್ನೂ ಅದಕ್ಕೆ ತಕ್ಕಂತೆ ತಿದ್ದಿಸಿ. ಇಷ್ಟು ಹೇಳಿದ ಮೇಲೂ ಒಪ್ಪದ ಮನೆಯನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಎಷ್ಟೇ ಚೆಂದದ ಮನೆಯಾಗಿರಲಿ.

5. ಸಾಲದ ಹೊರತಾಗಿ ಇನ್ನೂ ಮೂರು ಬಾಗಿಲು

ಒಂದು, ಕಾಗದದ ತಕರಾರು. ನಿಮ್ಮ ವಕೀಲರಾಗಲಿ ಬ್ಯಾಂಕಿನ ವಕೀಲರಾಗಲಿ ಹಕ್ಕು ಸ್ಪಷ್ಟವಿಲ್ಲ ಎಂದು ಬರೆದುಕೊಟ್ಟರೆ, ಸರಿಪಡಿಸಲು ಮಾರುವವರಿಗೆ ಇಷ್ಟು ದಿನ, ಆಗದಿದ್ದರೆ ಪೂರ್ತಿ ಹಣ ವಾಪಸ್ ಎಂದು ಬರೆಸಿ.

ಎರಡು, ಮಾರುವವರ ಹಳೇ ಸಾಲ. ಮನೆ ಈಗಾಗಲೇ ಅಡವಿದ್ದರೆ ಮೂಲಪತ್ರ ಅವರ ಬ್ಯಾಂಕಿನಲ್ಲಿರುತ್ತದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲಪತ್ರ ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮ ಇದು. ನೀವು ಕೊಡುವ ಹಣ ನೇರ ಅವರ ಸಾಲದ ಖಾತೆಗೇ ಹೋಗುವಂತೆ ಬರೆಸಿ.

ಮೂರು, ಮಾರುವವರೇ ಹಿಂದೆ ಸರಿದರೆ. ಜಾಸ್ತಿ ಬೆಲೆಗೆ ಬೇರೆಯವರು ಬಂದಾಗ ಇದು ಆಗುತ್ತದೆ. "ಬಯಾನಾ ದುಪ್ಪಟ್ಟು ಕೊಡತಕ್ಕದ್ದು" ಎಂದು ಬರೆಸುವ ರೂಢಿ ಇದೆ. ಬರೆಸಿ, ತಪ್ಪಿಲ್ಲ. ಆದರೆ ಕರಾರು ಕಾಯ್ದೆಯ 74ನೇ ಕಲಂನಂತೆ ಕೋರ್ಟು ನ್ಯಾಯವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ, ಬರೆದಷ್ಟೂ ಸಿಗುತ್ತದೆ ಎಂದು ನಂಬಬೇಡಿ. ಮನೆಯೇ ಬೇಕು ಎಂದಾದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹಾಕಬಹುದು. ಆಗ ಹಣ ಕೊಡಲು ನೀವು ಸದಾ ಸಿದ್ಧರಿದ್ದಿರಿ ಎಂದು ತೋರಿಸಬೇಕು. ಅದಕ್ಕೆ ಬ್ಯಾಂಕಿನ ಮಂಜೂರಾತಿ ಪತ್ರ ಒಳ್ಳೆಯ ಸಾಕ್ಷಿ.

6. ಸಹಿ ಮತ್ತು ನೋಂದಣಿ

ಕರಾರನ್ನು ಸರಿಯಾದ ಮುದ್ರಾಂಕದ ಮೇಲೆ ಬರೆಸಿ, ಸಾಧ್ಯವಾದರೆ ನೋಂದಣಿ ಮಾಡಿಸಿ. ನೋಂದಣಿಯಾದರೆ ಅದು ಇ.ಸಿ.ಯಲ್ಲಿ ಕಾಣುತ್ತದೆ, ನಡುವೆ ಬೇರೆಯವರಿಗೆ ಮಾರುವುದು ಕಷ್ಟವಾಗುತ್ತದೆ. "ಸ್ವಾಧೀನ ಕೊಟ್ಟಿದ್ದೇವೆ" ಎಂಬ ಸಾಲು ನುಸುಳದಂತೆ ನೋಡಿ. ಅದು ಬಂದರೆ ಕರಾರಿಗೇ ಕ್ರಯಪತ್ರದಷ್ಟು ಮುದ್ರಾಂಕ ಶುಲ್ಕ ಬೀಳುತ್ತದೆ.

7. ನಡುವಿನ ದಿನಗಳಲ್ಲಿ

ಕರಾರಾದ ವಾರದೊಳಗೆ ಅರ್ಜಿ ಹಾಕಿ, ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಬ್ಯಾಂಕಿನವರು ಯಾವ ಕಾಗದ ಕೇಳಿದರು, ಮಾರುವವರಿಗೆ ನೀವು ಯಾವತ್ತು ತಿಳಿಸಿದಿರಿ, ಅವರು ಯಾವತ್ತು ಕೊಟ್ಟರು, ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಾದರೂ ಬರವಣಿಗೆಯಲ್ಲಿ ಇಡಿ. ಬಾಯಿಮಾತಿನಲ್ಲಿ "ಆಗ್ತದ, ಬಿಡ್ರಿ" ಎಂದದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಸಾಲದ ದಿನಾಂಕಕ್ಕೆ 10 ದಿನ ಮೊದಲೇ ಶಾಖೆಗೆ ಹೋಗಿ ಕೇಳಿ. ಇನ್ನೂ ಆಗಿಲ್ಲ ಎಂದರೆ ಎರಡೇ ದಾರಿ. ಮಾರುವವರಿಂದ ಅವಧಿ ವಿಸ್ತರಣೆಯನ್ನು ಬರೆಸಿಕೊಳ್ಳಿ, ಇಲ್ಲವೇ ಅವಧಿಯೊಳಗೇ ರದ್ದು ತಿಳುವಳಿಕೆ ಕೊಡಿ. ಹಬ್ಬ ಬಂತು, ಮದುವೆ ಬಂತು ಎಂದು ತಾರೀಖು ದಾಟಿಸಿದವರೇ ಹೆಚ್ಚು ಕಳೆದುಕೊಂಡಿದ್ದಾರೆ. ನನ್ನ ಹತ್ತಿರದವರೊಬ್ಬರು ಹೀಗೆ ನಾಲ್ಕು ದಿನ ತಡ ಮಾಡಿದರು. ಷರತ್ತು ಚೆನ್ನಾಗಿತ್ತು, ಬ್ಯಾಂಕಿನ ತಿರಸ್ಕಾರ ಪತ್ರವೂ ಇತ್ತು. ಆದರೂ ಆ ನಾಲ್ಕು ದಿನವನ್ನೇ ಹಿಡಿದು ಮಾರುವವರು ಅರ್ಧ ಹಣ ಮಾತ್ರ ಕೊಟ್ಟರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಥಿರಾಸ್ತಿ ಕರಾರಿನಲ್ಲಿ ಸಾಮಾನ್ಯವಾಗಿ ಅವಧಿಯೇ ಸರ್ವಸ್ವ ಅಲ್ಲ ಎಂದು ಕೋರ್ಟುಗಳು ಹೇಳಿವೆ ನಿಜ. ಆದರೆ ಕೋರ್ಟಿನ ತನಕ ಹೋಗಬಾರದು ಎಂದೇ ಅಲ್ವಾ ನಾವು ಇಷ್ಟು ಮಾಡುತ್ತಿರುವುದು?

8. ಸಾಲ ತಿರಸ್ಕಾರವಾದರೆ

ಬ್ಯಾಂಕಿನಿಂದ ತಿರಸ್ಕಾರವನ್ನು ಕಾರಣ ಸಮೇತ ಬರವಣಿಗೆಯಲ್ಲಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಶಾಖೆಗೆ ಇಮೇಲ್ ಹಾಕಿ ಕೇಳಿ. ನಂತರ ಮಾರುವವರಿಗೆ ತಿಳುವಳಿಕೆ ಪತ್ರ ಬರೆಯಿರಿ. ಅದರಲ್ಲಿ ಕರಾರಿನ ದಿನಾಂಕ, ಷರತ್ತಿನ ಸಂಖ್ಯೆ, ತಿರಸ್ಕಾರದ ದಿನಾಂಕ, ವಾಪಸ್ ಬರಬೇಕಾದ ಮೊತ್ತ, ನಿಮ್ಮ ಬ್ಯಾಂಕ್ ಖಾತೆ, ಕೊನೆಯ ದಿನ ಇರಲಿ. ಬೈಗುಳ ಬೇಡ, ದೀರ್ಘ ಕಥೆಯೂ ಬೇಡ.

ಹಿಂದಿನ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲೇ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಅದೇ ಪತ್ರದ ಫೋಟೋ ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಕರಾರಿಗೆ ಮೂವರು ಅಣ್ಣತಮ್ಮಂದಿರು ಸಹಿ ಹಾಕಿದ್ದರೆ ಮೂವರಿಗೂ ಕಳಿಸಿ.

9. ಹಣ ಕೊಡದಿದ್ದರೆ

ಮೊದಲು ವಕೀಲರ ನೋಟಿಸ್. ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ದಾವೆ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆಸಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ.

ದಾವೆಯೇ ಆಗುವುದಾದರೆ ಎರಡು ಮಾತು ನೆನಪಿಡಿ. ಮಾರುವವರ ತಪ್ಪಿಗೆ ಕ್ರಯಪತ್ರ ಕೇಳಿ ದಾವೆ ಹಾಕುವವರು "ಅದಾಗದಿದ್ದರೆ ಬಯಾನಾ ವಾಪಸ್ ಕೊಡಿಸಿ" ಎಂದು ದಾವೆಯಲ್ಲೇ ಬರೆಯಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ ಪ್ರಕಾರ, ಕೇಳದೆ ಇದ್ದದ್ದನ್ನು ಕೋರ್ಟು ತಾನಾಗಿ ಕೊಡಿಸುವುದಿಲ್ಲ. ಇನ್ನೊಂದು, ಕಾಲಮಿತಿ. ಕ್ರಯಪತ್ರಕ್ಕಾಗಿ ಹಾಕುವ ದಾವೆಗೆ ಕರಾರಿನ ಕೊನೆಯ ದಿನದಿಂದ ಮೂರು ವರ್ಷ. ದಿನ ಬರೆದಿಲ್ಲದಿದ್ದರೆ, ಅವರು ಒಲ್ಲೆ ಎಂದದ್ದು ನಿಮಗೆ ಗೊತ್ತಾದ ದಿನದಿಂದ ಮೂರು ವರ್ಷ. ಅಲ್ಲಿಯವರೆಗೂ ಕಾಯಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಒಂದು ಸಮಾಧಾನ ಕೊಡುತ್ತದೆ: ತಪ್ಪು ನಿಮ್ಮದಲ್ಲದಿದ್ದರೆ, ನೀವು ಮುಂಚೆ ಕೊಟ್ಟ ಹಣಕ್ಕೆ ಆ ಆಸ್ತಿಯ ಮೇಲೆಯೇ ನಿಮಗೆ ಹಕ್ಕು ಇರುತ್ತದೆ. ಹೈಕೋರ್ಟಿಗೆ ಹೋಗುವ ಮೇಲ್ಮನವಿ ಬಳ್ಳಾರಿ, ಕೊಪ್ಪಳದವರದು ಧಾರವಾಡ ಪೀಠಕ್ಕೆ, ರಾಯಚೂರಿನವರದು ಕಲಬುರಗಿ ಪೀಠಕ್ಕೆ ಹೋಗುತ್ತದೆ.

ಹೊಸ ಫ್ಲ್ಯಾಟ್, ಹೊಸ ಬಡಾವಣೆಯ ಪ್ಲಾಟ್ ಕೊಳ್ಳುವವರಿಗೆ

500 ಚದರ ಮೀಟರ್ ಮೀರಿದ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ, ಬಿಲ್ಡರುಗಳನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ ನೋಡಿ. ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳುವ ಹಕ್ಕು ನಿಮಗಿದೆ. ಆದರೆ ಸಾಲ ಸಿಗದೆ ನೀವೇ ಬಿಟ್ಟರೆ ಬುಕಿಂಗ್ ಹಣ ಹೋಗುವ ಸಂಭವವಿದೆ. ಇಲ್ಲಿಯೂ ನಾಲ್ಕನೇ ಹಂತದ ಷರತ್ತು ಕೇಳಿ. ಕರಾರಿನಲ್ಲಿ ಸೇರಿಸಲು ಒಲ್ಲೆ ಎಂದರೆ ಬುಕಿಂಗ್ ಫಾರಂನ ಜೊತೆ ಬೇರೆ ಪತ್ರದಲ್ಲಾದರೂ ಬರೆಸಿಕೊಳ್ಳಿ.

ಹಣ ವಾಪಸ್ ಬಂದ ದಿನ

ಕರಾರು ನೋಂದಣಿಯಾಗಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರದ್ದತಿ ಪತ್ರವನ್ನೂ ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಆ ಕರಾರು ಇ.ಸಿ.ಯಲ್ಲಿ ಹಾಗೇ ಉಳಿದು ಮಾರುವವರಿಗೆ ತೊಂದರೆ ಕೊಡುತ್ತದೆ. ಅವರಿಗೆ ಈ ಸಹಿ ಅಗತ್ಯವಾಗಿ ಬೇಕು. ನಿಮಗೆ ಹಣ ಬೇಕು. ಆದ್ದರಿಂದ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಹಣ ನಿಮ್ಮ ಖಾತೆಗೆ ಜಮೆಯಾದ ಸಂದೇಶ ಫೋನಿನಲ್ಲಿ ಬಂದ ಮೇಲೆಯೇ ರದ್ದತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ. ಚೆಕ್ ಕೊಟ್ಟರೆ, ಅದು ಪಾಸಾಗುವ ತನಕ ಕಾಯಿರಿ.